ಹಂಚಿನ ಅಚ್ಚಿಗೆ ಪೈಂಟ್ ಬೇಡ: ಒಂದು ದಾಖಲೆ ಕೋಣೆ ಕಟ್ಟಿದ ಲಾಗ್

ಹಂಚಿನ ಕಂಪನಿಯ ಹಳೆ ಅಚ್ಚುಗಳಿಗೆ ಕಪ್ಪು ಎನಾಮೆಲ್ ಪೈಂಟ್ ಹೊಡೆದು ಹೊಸ ಆಫೀಸಿನ ಲಾಬಿಯಲ್ಲಿ ಇಡೋಣ ಅನ್ನುವ ಮಾತು ಮೊದಲ ಮೀಟಿಂಗಿನಲ್ಲೇ ಬಂತು. ಫೌಂಡೇಶನ್‌ನವರ ಉದ್ದೇಶ ಒಳ್ಳೆಯದೇ. ಕಂಪನಿ ಹಂಚು ಸುಡುವುದನ್ನು ನಿಲ್ಲಿಸಿ ಬೇರೆ ವ್ಯಾಪಾರಕ್ಕೆ ಇಳಿದು ಬಹಳ ಕಾಲವಾಯಿತು. ಆದರೂ ಹಳೆ ಆಫೀಸ್ ಕಟ್ಟಡವನ್ನು ಕೆಡವಲಿಲ್ಲ. ಅದರೊಳಗಿನ ಲೆಡ್ಜರ್, ನಕ್ಷೆ, ಅಚ್ಚು, ಫೋಟೋ ಉಳಿಸಬೇಕು ಎಂದು ಒಂದು ಫೌಂಡೇಶನ್ ಮಾಡಿ ದುಡ್ಡು ಎತ್ತಿಟ್ಟಿದ್ದಾರೆ. ಸೆಂಟ್ಸ್ ಲೆಕ್ಕದಲ್ಲಿ ಜಾಗ ಮಾರಾಟವಾಗುವ ಮಂಗಳೂರಿನಲ್ಲಿ ಇದು ಸಣ್ಣ ವಿಷಯ ಅಲ್ಲ.

ನಾನು ಲೇತ್ ಕೆಲಸದವನು, ದಾಖಲೆ ಕಾಪಾಡುವ ಡಿಗ್ರಿ ಇಲ್ಲ. ಪೇಪರ್ ಕೆಲಸಕ್ಕೆ ತರಬೇತಿ ಪಡೆದ ಒಬ್ಬರು ಮೇಡಂ ಆಗಾಗ ಬಂದು ಹೇಳಿಕೊಡುತ್ತಾರೆ. ಕಬ್ಬಿಣ, ಕಪಾಟು, ಕ್ಯಾಮೆರಾ ಸ್ಟ್ಯಾಂಡ್ ನನ್ನ ಪಾಲು. ಇಂಥ ಕೋಣೆ ಕಟ್ಟಲು ಹೊರಟ ಬೇರೆಯವರಿಗೆ ಉಪಯೋಗ ಆಗಲಿ ಎಂದು ಬರೆದಿಡುತ್ತಿದ್ದೇನೆ.

ಕಂಪನಿಗಳು ತಮ್ಮ ಹಳೆ ಕಾಗದ ಕಾಪಾಡುವುದು ಹೊಸದೇನಲ್ಲ. ಮುಂಬಯಿಯಲ್ಲಿ ಗೋದ್ರೆಜ್‌ನವರ ಆರ್ಕೈವ್ಸ್ 2006ರಿಂದ ಇದೆ. ಇಟಲಿಯಲ್ಲಿ ಉಕ್ಕಿನ ಪೈಪ್ ಮಾಡುವ ಡಾಲ್ಮಿನೆ ಕಂಪನಿಯ ದಾಖಲೆಗಳಿಗೆಂದೇ 1999ರಲ್ಲಿ ಒಂದು ಫೌಂಡೇಶನ್ ಆಯಿತು. ನಮ್ಮ ಪಕ್ಕದ ಉಡುಪಿಯಲ್ಲೇ ಕಾರ್ಪೊರೇಶನ್ ಬ್ಯಾಂಕ್ ಮ್ಯೂಸಿಯಂ ಉಂಟು. 1906ರಲ್ಲಿ ಬ್ಯಾಂಕ್ ಹುಟ್ಟಿದ್ದು ಹಾಜಿ ಅಬ್ದುಲ್ಲಾ ಸಾಹೇಬರ ಮುಂದಾಳುತನದಲ್ಲಿ, ಮ್ಯೂಸಿಯಂ ಇರುವುದು ಅವರ ಮನೆಯಲ್ಲೇ. 2020ರಲ್ಲಿ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಯಿತು. ಬೋರ್ಡ್ ಹೋದರೂ ಮನೆ ಉಳಿಯಿತು.

ಹಂಚಿನ ಕಾರ್ಖಾನೆಗಳ ಕತೆ ಹಾಗಲ್ಲ. ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ಸುಮಾರು ಮೂರು ವರ್ಷ ಕಳೆದ ಮೇಲೆ ಅಲ್ಬುಕರ್ಕ್ ಅವರ ಕಾರ್ಖಾನೆ ಬಂತು. ಆಮೇಲೆ ನೇತ್ರಾವತಿ, ಗುರುಪುರ ಹೊಳೆಗಳ ದಂಡೆ ಉದ್ದಕ್ಕೂ ಚಿಮಣಿಗಳೇ ಚಿಮಣಿಗಳು. ಮಣ್ಣು ದೋಣಿಯಲ್ಲಿ ಬರುತ್ತಿತ್ತು, ಹಂಚು ದೋಣಿಯಲ್ಲಿ ಹೋಗುತ್ತಿತ್ತು. ಆರ್‌ಸಿಸಿ ಮಾಡು (ಕಾಂಕ್ರೀಟ್ ಛಾವಣಿ) ಬಂದು, ಮಣ್ಣು ಸಿಗುವುದು ಕಷ್ಟವಾಗಿ ಒಂದೊಂದೇ ಬಾಗಿಲು ಹಾಕಿದವು. ಮುಚ್ಚುವ ದಿನ ಪ್ರೆಸ್ಸು, ಅಚ್ಚು ಗುಜರಿಗೆ ಹೋಯಿತು. ಲೆಡ್ಜರ್ ರದ್ದಿಗೆ. ಎರಡೂ ಒಟ್ಟಿಗೆ ಉಳಿದ ಜಾಗ ಕಡಿಮೆ. ನಮ್ಮಲ್ಲಿ ಎರಡೂ ಉಂಟು. ಈ ಲಾಗ್ ಬರೆಯಲು ಅದೇ ಕಾರಣ.

ಏಪ್ರಿಲ್: ಮಾಡು

ಸ್ಕ್ಯಾನರ್ ಯಾವ ಕಂಪನಿಯದ್ದು ತರೋಣ ಎಂದು ಎಲ್ಲರೂ ಕೇಳಿದರು. ಮಾಡಿನ ಬಗ್ಗೆ ಯಾರೂ ಕೇಳಲಿಲ್ಲ. ಮಂಗಳೂರಿನಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ಜೂನ್‌ನಲ್ಲಿ ಹಿಡಿದರೆ ಸೆಪ್ಟೆಂಬರ್‌ವರೆಗೆ ಬಿಡುವುದಿಲ್ಲ. ನೀರು ಸೋರುವ ಕೋಣೆಯಲ್ಲಿ ಲಕ್ಷದ ಸ್ಕ್ಯಾನರ್ ಇಟ್ಟು ಎಂತ ಪ್ರಯೋಜನ?

ಆಫೀಸಿನ ಮಾಡು ಕಂಪನಿಯದ್ದೇ ಹಂಚು. ಹಂಚು ಗಟ್ಟಿಯಾಗಿಯೇ ಇತ್ತು, ತಟ್ಟಿದರೆ ಗಂಟೆಯ ಹಾಗೆ ಶಬ್ದ. ಹಾಳಾಗಿದ್ದು ಅದರ ಕೆಳಗಿನ ಮರ. ಪಕ್ಕಾಸು (ಇಳಿಜಾರಿನ ಮರ) ಪರವಾಗಿಲ್ಲ, ರೀಪು (ಹಂಚು ಕೂರುವ ಅಡ್ಡಪಟ್ಟಿ) ಮಾತ್ರ ಅರ್ಧಕ್ಕರ್ಧ ಗೆದ್ದಲು ತಿಂದಿತ್ತು. ರೀಪು ಬಗ್ಗಿದರೆ ಹಂಚಿನ ಕೊಕ್ಕೆ ಜಾರುತ್ತದೆ. ಒಂದು ಹಂಚು ಬೆರಳಗಲ ಕೆಳಗೆ ಜಾರಿದರೂ ಅದರ ಮೇಲಿನ ಸಾಲಿನ ನೀರೆಲ್ಲ ಒಳಗೆ. ಹಂಚು ಇಳಿಸಿ, ರೀಪು ಬದಲಿಸಿ, ಅದೇ ಹಂಚನ್ನು ವಾಪಸ್ ಹಾಕಿದೆವು. ನೆತ್ತಿಯ ಹಂಚಿಗೆ ಹಿಂದೆ ಯಾರೋ ಸಿಮೆಂಟ್ ಮೆತ್ತಿದ್ದರು. ಅದು ಬಿರಿದು ನೀರು ಹಿಡಿದುಕೊಂಡಿತ್ತು. ತೆಗೆದು ಸುಣ್ಣ–ಮರಳಿನ ಗಾರೆ ಹಾಕಿಸಿದೆವು.

ಗೋಡೆ ಮುರಕಲ್ಲಿನದು, ಅಂದರೆ ಕರಾವಳಿಯ ಕೆಂಪು ಕಲ್ಲು. ಮುರಕಲ್ಲು ನೀರು ಕುಡಿಯುತ್ತದೆ, ಬಿಸಿಲು ಬಂದಾಗ ಬಿಡುತ್ತದೆ. ಅದಕ್ಕೆ ಸಿಮೆಂಟ್ ಪ್ಲಾಸ್ಟರ್ ಮಾಡಿದರೆ ನೀರು ಒಳಗಡೆಯೇ ಸಿಕ್ಕಿಕೊಳ್ಳುತ್ತದೆ. ಒಳಗೋಡೆಯ ಸಿಮೆಂಟ್ ಕೆತ್ತಿ ಸುಣ್ಣ ಬಳಿಸಿದೆವು. ಕಂಟ್ರಾಕ್ಟರಿಗೆ ಇದು ಸುತರಾಂ ಇಷ್ಟವಿರಲಿಲ್ಲ, ವಾಲ್ ಪುಟ್ಟಿ ಹಾಕಿದರೆ ಫಿನಿಶಿಂಗ್ ಚೆಂದ ಎಂದು ಅವರ ವಾದ.

ಮೇ: ತೇವ ಅಳೆಯುವುದು

ಕಪಾಟಿಗೆ ಬಂದರಿನಿಂದ ಸ್ಲಾಟೆಡ್ ಆಂಗಲ್ (ತೂತುಗಳಿರುವ ಕಬ್ಬಿಣದ ಪಟ್ಟಿ) ತಂದು ನಾನೇ ಕಟ್ಟಿದೆ. ಮರದ್ದು ಬೇಡ ಎಂದು ಮೊದಲೇ ನಿರ್ಧಾರವಾಗಿತ್ತು, ಗೆದ್ದಲಿನ ಊರು ಇದು. ಕೆಳಗಿನ ತಟ್ಟೆ ನೆಲದಿಂದ ಒಂದು ಗೇಣು ಮೇಲೆ. ಗೋಡೆಯಿಂದಲೂ ಅಷ್ಟೇ ದೂರ. ಗೋಡೆಗೆ ತಾಗಿಸಿ ಇಟ್ಟರೆ ಹಿಂದೆ ಗಾಳಿ ಆಡುವುದಿಲ್ಲ, ಬೂಸ್ಟು ಅಲ್ಲಿಂದಲೇ ಶುರು.

ತೇವ ಅಳೆಯಲು ಕಡಿಮೆ ಬೆಲೆಯ ಡಿಜಿಟಲ್ ಮೀಟರ್‌ಗಳನ್ನೇ ತಂದೆವು. ಅವು ಒಂದೊಂದು ಒಂದೊಂದು ಹೇಳುತ್ತವೆ. ಅದಕ್ಕೆ ಅಡುಗೆ ಮನೆಯಲ್ಲೇ ಮದ್ದು ಉಂಟು. ಬಾಟಲಿ ಮುಚ್ಚಳದಲ್ಲಿ ಉಪ್ಪು ಹಾಕಿ, ಒದ್ದೆ ಮರಳಿನಷ್ಟು ಹಸಿಯಾಗುವ ಹಾಗೆ ನೀರು ಬಿಡಿ. ಉಪ್ಪು ಪೂರ್ತಿ ಕರಗಬಾರದು. ಮುಚ್ಚಳವನ್ನೂ ಮೀಟರನ್ನೂ ಒಂದು ಡಬ್ಬಿಯಲ್ಲಿ ಹಾಕಿ ಬಿಗಿಯಾಗಿ ಮುಚ್ಚಿ ಒಂದು ದಿನ ಇಡಿ. ಒಳಗಿನ ತೇವ ಶೇ. 75ಕ್ಕೆ ನಿಲ್ಲುತ್ತದೆ. ಮೀಟರ್ 81 ತೋರಿಸಿದರೆ ಅದು ಆರು ಜಾಸ್ತಿ ಹೇಳುತ್ತಿದೆ ಎಂದು ಚೀಟಿ ಅಂಟಿಸಿಬಿಡಿ.

ಕೋಣೆಯಲ್ಲಿ ನಮ್ಮ ಗುರಿ ಶೇ. 60ರ ಒಳಗೆ. ಪುಸ್ತಕಗಳಲ್ಲಿ 50 ಎಂದು ಬರೆದಿರುತ್ತಾರೆ. ಕರಾವಳಿಯಲ್ಲಿ ಆಷಾಢದಲ್ಲಿ 50 ಮಾಡಲು ಹೋದರೆ ಕರೆಂಟ್ ಬಿಲ್ಲೇ ಒಂದು ದಾಖಲೆಯಾಗುತ್ತದೆ. ಬೂಸ್ಟು ಜೋರಾಗುವುದು 65 ದಾಟಿದ ಮೇಲೆ. ಅದರ ಕೆಳಗೆ ಏರುಪೇರಿಲ್ಲದೆ ಇದ್ದರೆ ಸಾಕು. ಡಿಹ್ಯೂಮಿಡಿಫೈಯರ್ (ಗಾಳಿಯ ತೇವ ಹೀರುವ ಮಿಷನ್) ಬಿಡುವ ನೀರಿಗೆ ಬಕೆಟ್ ಇಡಬೇಡಿ, ಪೈಪ್ ಎಳೆದು ಹೊರಗೆ ಬಿಡಿ. ಬಕೆಟ್ ತುಂಬಿದರೆ ಮಿಷನ್ ತಾನಾಗಿ ನಿಲ್ಲುತ್ತದೆ, ಅದೂ ಸರಿಯಾಗಿ ಭಾನುವಾರವೇ.

ನುಸಿಗುಳಿಗೆ ಹಾಕಿಲ್ಲ. ಹುಳ ಸಾಯುವುದಕ್ಕಿಂತ ಕೋಣೆಯಲ್ಲಿ ಕೂತು ಕೆಲಸ ಮಾಡುವವರಿಗೆ ತೊಂದರೆ ಜಾಸ್ತಿ. ಹುಳ ಹಿಡಿದ ಲೆಡ್ಜರ್ ಬಂದರೆ ಪ್ಲಾಸ್ಟಿಕ್ ಕವರಿನಲ್ಲಿ ಗಾಳಿ ತೆಗೆದು, ಟೇಪ್ ಹಾಕಿ, ಡೀಪ್ ಫ್ರೀಜರಿನಲ್ಲಿ ಮೈನಸ್ 20ರಲ್ಲಿ ಎರಡು ವಾರ. ಹೊರಗೆ ತೆಗೆದ ಮೇಲೆ ಕೋಣೆಯ ಬಿಸಿಗೆ ಬರುವವರೆಗೆ ಕವರ್ ಬಿಚ್ಚಬಾರದು, ಬಿಚ್ಚಿದರೆ ಕಾಗದದ ಮೇಲೆಯೇ ನೀರು ಕಟ್ಟುತ್ತದೆ.

ಅಚ್ಚುಗಳು

ಈಗ ನನ್ನ ಇಷ್ಟದ ಭಾಗ.

ಮಂಗಳೂರು ಹಂಚು ಹುಟ್ಟುವ ಕ್ರಮ ಹೀಗೆ. ಮಣ್ಣು ಹದ ಮಾಡಿ, ಪಗ್ ಮಿಲ್ಲಿನಲ್ಲಿ ಅರೆದು, ಹಲಗೆಯಂತೆ ಕೊಯ್ದು, ಎಣ್ಣೆ ಸವರಿದ ಅಚ್ಚಿನ ಮೇಲೆ ಇಟ್ಟು, ಪ್ರೆಸ್ಸಿನಲ್ಲಿ ಒತ್ತುತ್ತಾರೆ. ಮೇಲಿನ ಅಚ್ಚು, ಕೆಳಗಿನ ಅಚ್ಚು ಎಂದು ಜೋಡಿ. ಅಂಚಿಗೆ ಉಳಿದ ಮಣ್ಣು ಕತ್ತರಿಸಿ, ನೆರಳಿನಲ್ಲಿ ಒಣಗಿಸಿ, ಗೂಡಿನಲ್ಲಿ ಸುಡುವುದು. ಹಂಚಿನ ಒಂದು ಬದಿಯಲ್ಲಿ ಕಾರ್ಖಾನೆಯ ಹೆಸರು, ಊರು, ಕೆಲವದರಲ್ಲಿ ವರ್ಷ. ಮನೆಯೊಳಗೆ ಮಲಗಿ ಮೇಲೆ ನೋಡಿದವರಿಗೆ ಗೊತ್ತು.

ಆ ವರ್ಷದ್ದೇ ಒಂದು ತಮಾಷೆ. ಬಾಸೆಲ್ ಮಿಷನ್ನಿನ ಹಂಚಿನ ಮೇಲೆ 1865 ಎಂದು ಇರುತ್ತದೆ. ನಮ್ಮ ಅಜ್ಜನ ಮನೆಯ ಹಂಚು 1865ರದ್ದು ಎಂದು ಹೇಳಿಕೊಳ್ಳುವವರು ಎಷ್ಟೋ ಜನ. ಅದು ಕಾರ್ಖಾನೆ ಶುರುವಾದ ವರ್ಷ, ಹಂಚು ಒತ್ತಿದ ವರ್ಷ ಅಲ್ಲ. ಅಚ್ಚಿನಲ್ಲಿ ಒಮ್ಮೆ ಕೊರೆದ ಮೇಲೆ ಎಷ್ಟು ಕಾಲ ಒತ್ತಿದರೂ ಅದೇ ವರ್ಷ ಬೀಳುತ್ತದೆ. ಹಾಗಾದರೆ ಹಂಚು ಯಾವ ಕಾಲದ್ದು ಎಂದು ಹೇಳುವುದು ಹೇಗೆ? ಅಚ್ಚನ್ನು ಯಾವಾಗ ಮಾಡಿಸಿದರು, ಯಾವಾಗ ತಿದ್ದಿಸಿದರು ಎಂದು ಗೊತ್ತಾದರೆ ಹೇಳಬಹುದು. ಅದು ಇರುವುದು ಆಫೀಸಿನ ಕಾಗದದಲ್ಲಿ. ಅಚ್ಚು ಒಂದು ಕಡೆ, ಕಾಗದ ಇನ್ನೊಂದು ಕಡೆ ಹೋದರೆ ಎರಡೂ ಅರ್ಧ ಮೂಕ.

ನಮ್ಮ ಅಚ್ಚುಗಳು ಬೀಡು ಕಬ್ಬಿಣದವು. ಗೋಡೌನಿನ ಮೂಲೆಯಲ್ಲಿ, ತೆಂಗಿನ ಗರಿಯ ಕೆಳಗೆ, ಒಂದರ ಮೇಲೊಂದು ಪೇರಿಸಿದ್ದರು. ಉಪ್ಪು ಗಾಳಿಗೆ ಪದರ ಪದರ ತುಕ್ಕು. ಸ್ಯಾಂಡ್ ಬ್ಲಾಸ್ಟಿಂಗ್ ಮಾಡಿಸಿದರೆ ಒಂದೇ ದಿನದಲ್ಲಿ ಪಳಪಳ ಎಂದು ಫೌಂಡೇಶನ್ ಆಫೀಸಿನಿಂದ ಸಲಹೆ ಬಂತು. ಬೇಡ ಎಂದೆ. ಹಳೆ ಬೀಡಿನ ಮೇಲ್ಮೈ ಒಳಗೊಳಗೇ ಮೆತ್ತಗಾಗಿರುತ್ತದೆ. ಕಬ್ಬಿಣ ಹೋಗಿ ಗ್ರಾಫೈಟ್ ಮಾತ್ರ ಉಳಿದಿರುತ್ತದೆ, ಉಗುರಿನಿಂದ ಗೀರಿದರೆ ಪೆನ್ಸಿಲಿನಂತೆ ಕಪ್ಪು ಬರುತ್ತದೆ. ಮರಳು ಹೊಡೆದರೆ ಅಕ್ಷರವೂ ಮರಳಿನ ಜೊತೆಗೇ ಹೋಗುತ್ತದೆ.

ಮಾಡಿದ್ದು ಇಷ್ಟು. ಮೊದಲು ಬಿದಿರಿನ ಕಡ್ಡಿ ಚೂಪು ಮಾಡಿ ಸಡಿಲ ತುಕ್ಕು ಎಬ್ಬಿಸಿದೆ. ಆಮೇಲೆ ಸೀಮೆಎಣ್ಣೆ ಸವರಿ ರಾತ್ರಿ ಬಿಟ್ಟು, ಹಿತ್ತಾಳೆ ತಂತಿಯ ಬ್ರಷ್‌ನಲ್ಲಿ ಉಜ್ಜಿದೆ. ಗಟ್ಟಿ ಕಬ್ಬಿಣಕ್ಕೆ ಉಕ್ಕಿನ ಬ್ರಷ್ ಗೀರು ಹಾಕುತ್ತದೆ, ಹಿತ್ತಾಳೆ ಹಾಕುವುದಿಲ್ಲ.

ಅಕ್ಷರವಿಲ್ಲದ, ಮೇಲ್ಮೈ ಗಟ್ಟಿ ಇದ್ದ ಒಂದೆರಡು ಚೌಕಟ್ಟುಗಳಿಗೆ ಮಾತ್ರ ಕರೆಂಟ್ ವಿಧಾನ. ಪ್ಲಾಸ್ಟಿಕ್ ಟಬ್ಬಿನಲ್ಲಿ ನೀರು, ಲೀಟರಿಗೆ ಒಂದು ಟೀ ಚಮಚ ವಾಷಿಂಗ್ ಸೋಡಾ. ಬ್ಯಾಟರಿ ಚಾರ್ಜರಿನ ಮೈನಸ್ ಚೌಕಟ್ಟಿಗೆ, ಪ್ಲಸ್ ಯಾವುದಾದರೂ ಹಳೆ ಕಬ್ಬಿಣದ ತಗಡಿಗೆ. ಎರಡೂ ಒಂದಕ್ಕೊಂದು ತಾಗಬಾರದು. ಸ್ಟೇನ್‌ಲೆಸ್ ಸ್ಟೀಲ್ ತಗಡು ಬಳಸಲೇಬೇಡಿ, ನೀರಿಗೆ ವಿಷದ ಕ್ರೋಮಿಯಂ ಬಿಡುತ್ತದೆ. ಗುಳ್ಳೆಯಾಗಿ ಬರುವುದು ಹೈಡ್ರೋಜನ್, ಹಾಗಾಗಿ ಅಂಗಳದಲ್ಲೇ ಮಾಡಿ, ಬೀಡಿ ಸೇದುವವರನ್ನು ದೂರ ಇಡಿ.

ತೊಳೆದು, ಒರೆಸಿ, ಹೇರ್ ಡ್ರೈಯರಿನಲ್ಲಿ ಕೂಡಲೇ ಒಣಗಿಸಿ, ಟ್ಯಾನಿಕ್ ಆಸಿಡ್ ದ್ರಾವಣ ಸವರಿದೆ. ಉಳಿದ ತುಕ್ಕು ನೀಲಿ ಮಿಶ್ರಿತ ಕಪ್ಪಾಗಿ ಗಟ್ಟಿಯಾಗುತ್ತದೆ. ಮೇಲಿಂದ ಮೈಕ್ರೋಕ್ರಿಸ್ಟಲೈನ್ ಮೇಣದ ತೆಳು ಪದರ. ಮೇಣವನ್ನು ಯಾವಾಗ ಬೇಕಾದರೂ ಟರ್ಪೆಂಟೈನಿನಲ್ಲಿ ಒರೆಸಿ ತೆಗೆಯಬಹುದು. ಎನಾಮೆಲ್ ಹಾಗಲ್ಲ.

ಪೈಂಟಿನ ಚರ್ಚೆ ಮುಗಿದದ್ದು ಒಂದು ಅಚ್ಚಿನಿಂದ. ಹೆಸರಿನ ಭಾಗ ಉಜ್ಜುತ್ತಿದ್ದೆ. ಟಾರ್ಚನ್ನು ಅಡ್ಡಕ್ಕೆ, ಮೇಲ್ಮೈಗೆ ಸಮನಾಗಿ ಹಿಡಿದಾಗ ಹೆಸರಿನ ಸುತ್ತ ಕೂದಲೆಳೆಯಷ್ಟು ಗೆರೆ ಕಂಡಿತು. ಉದ್ದದ ಚೌಕ. ನಾಲ್ಕು ಮೂಲೆಯಲ್ಲಿ ನಾಲ್ಕು ಚುಕ್ಕೆ. ಸೀಮೆಎಣ್ಣೆ ಬಿಟ್ಟು ಚುಕ್ಕೆಯ ತುಕ್ಕು ಬಿದಿರಿನಲ್ಲಿ ಕೆದಕಿದೆ. ಸ್ಕ್ರೂ ತಲೆ. ಅಂದರೆ ಹೆಸರು ಅಚ್ಚಿನಲ್ಲಿ ಎರಕವಾಗಿ ಬಂದದ್ದಲ್ಲ, ಆಮೇಲೆ ಗುಂಡಿ ಕೊರೆದು ಕೂರಿಸಿದ ಲೋಹದ ಪಟ್ಟಿ. ಮೊದಲು ಅಲ್ಲಿ ಬೇರೆ ಹೆಸರು ಇತ್ತು.

ಹಿಂದೆ ಅಲ್ಲೇ ಕೆಲಸ ಮಾಡಿದ್ದ ಮೇಸ್ತ್ರಿಯವರನ್ನು ಕರೆಸಿದೆವು. ಈಗ ವಯಸ್ಸಾಗಿದೆ, ಕಣ್ಣು ಮಾತ್ರ ಚುರುಕು. ಬೆರಳಾಡಿಸಿ ನೋಡಿದರು.

"ಇದು ಪಟ್ಟಿ ಹಾಕಿದ್ದೇ ಮಾರಾಯ್ರೆ. ಯಜಮಾನ್ರು ಬದಲಾದಾಗ ಇಡೀ ಅಚ್ಚು ಹೊಸತು ಮಾಡ್ಸುದುಂಟಾ? ಹೆಸರು ಮಾತ್ರ ಬದ್ಲಿಸುದು."

"ಪೈಂಟ್ ಹೊಡೆದಿದ್ರೆ ಅಜ್ಜಾ?"

"ಪೈಂಟ್ ಹೊಡೆದ್ರೆ ಈ ಗೆರೆ ಯಾರಪ್ಪನಿಗೂ ಕಾಣ್ಲಿಕ್ಕಿಲ್ಲ."

ಈ ಮಾತನ್ನು ಹಾಗೇ ಫೌಂಡೇಶನ್‌ನವರಿಗೆ ದಾಟಿಸಿದೆ. ಲಾಬಿಗೆ ಫೈಬರಿನ ನಕಲು ಮಾಡಿಸಿ ಬೇಕಾದ ಬಣ್ಣ ಹೊಡೆಯೋಣ, ಅಸಲು ಕೋಣೆಯಲ್ಲಿ ಇರಲಿ ಎಂದು ಒಪ್ಪಿದರು.

ಅಚ್ಚಿನಲ್ಲಿ ಅಕ್ಷರ ಉಲ್ಟಾ ಇರುತ್ತದೆ. ಅರ್ಧ ಸವೆದದ್ದನ್ನು ಉಲ್ಟಾ ಓದುವುದು ತಲೆನೋವು. ಮಕ್ಕಳು ಆಡುವ, ಎಣ್ಣೆಯಲ್ಲಿ ಕಲಸಿದ ಕ್ಲೇ ತಂದು, ಮಧ್ಯೆ ತೆಳು ಪ್ಲಾಸ್ಟಿಕ್ ಹಾಳೆ ಇಟ್ಟು ಒತ್ತಿದರೆ ಅಕ್ಷರ ಸರಿಯಾಗಿ ಮೇಲೆದ್ದು ಬರುತ್ತದೆ. ಹಂಚಿನ ಹಸಿ ಮಣ್ಣು ಮಾತ್ರ ಒತ್ತಬೇಡಿ. ಸ್ವಚ್ಛ ಮಾಡಿದ ಕಬ್ಬಿಣಕ್ಕೆ ಒದ್ದೆ ತಾಗಿದರೆ ಬೆಳಗಾಗುವಾಗ ಮತ್ತೆ ಕೆಂಪು.

ಜೂನ್, ಜುಲೈ: ಕಾಪಿ ಪುಸ್ತಕ

ಹಾಗಾದರೆ ಪಟ್ಟಿ ಯಾವಾಗ ಹಾಕಿಸಿದ್ದು? ಉತ್ತರ ಇದ್ದರೆ ಕಾಪಿ ಪುಸ್ತಕಗಳಲ್ಲಿ ಇರಬೇಕಿತ್ತು.

ಕಾರ್ಬನ್ ಪೇಪರ್ ರೂಢಿಗೆ ಬರುವ ಮುಂಚೆ ಆಫೀಸುಗಳಲ್ಲಿ ಪತ್ರದ ನಕಲು ತೆಗೆಯಲು ಒಂದು ಕಬ್ಬಿಣದ ಪ್ರೆಸ್ ಇರುತ್ತಿತ್ತು. ಜೇಮ್ಸ್ ವಾಟ್ 1780ರಲ್ಲಿ ಪೇಟೆಂಟ್ ಪಡೆದ ವಿಧಾನ. ಹೌದು, ಹಬೆ ಎಂಜಿನ್‌ನ ವಾಟ್ ಅವರೇ. ಕಾಪಿ ಮಾಡುವ ಶಾಯಿಯಲ್ಲಿ ಬರೆದ ಪತ್ರದ ಮೇಲೆ ತೆಳು ಹಾಳೆಯನ್ನು ಒದ್ದೆ ಮಾಡಿ ಇಟ್ಟು ಪ್ರೆಸ್ ಮಾಡುವುದು. ಶಾಯಿ ಹಾಳೆಯ ಅಡಿಬದಿಗೆ ಉಲ್ಟಾ ಅಂಟುತ್ತದೆ. ಹಾಳೆ ಎಷ್ಟು ತೆಳು ಎಂದರೆ ಮೇಲಿಂದ ನೋಡಿದರೆ ನೇರವಾಗಿ ಓದಬಹುದು. ಕಾರ್ಖಾನೆಯಿಂದ ಹೊರಗೆ ಹೋದ ಪತ್ರಗಳೆಲ್ಲ ಹೀಗೆ ದಪ್ಪ ಪುಸ್ತಕಗಳಲ್ಲಿ ಉಳಿದಿವೆ. ಶಾಯಿ ನೇರಳೆ ಬಣ್ಣದ್ದು. ಒಂದು ಹನಿ ನೀರು ಬಿದ್ದರೆ ಸಾಕು, ಪುಟವೇ ಜಾಮೂನಿನ ಬಣ್ಣ. ಹಾಗಾಗಿ ಇವಕ್ಕೆ ಅಂಟು, ಒದ್ದೆ ರಿಪೇರಿ ಏನೂ ಇಲ್ಲ. ಹರಿದದ್ದು ಹರಿದ ಹಾಗೆಯೇ ಫೋಟೋ.

ಗಾಜಿನ ಸ್ಕ್ಯಾನರಿನಲ್ಲಿ ಈ ಪುಸ್ತಕ ಮಗುಚಿ ಒತ್ತಿದರೆ ಬೆನ್ನು ಮುರಿಯುತ್ತದೆ. ಅದಕ್ಕೇ ಸ್ಟ್ಯಾಂಡ್ ಮಾಡಿದ್ದು. ಗುಜರಿಯಲ್ಲಿ ಸಿಕ್ಕಿದ ಡ್ರಿಲ್ಲಿಂಗ್ ಮಿಷನ್ನಿನ ಕಂಬ. ಅದಕ್ಕೆ ಲೇತ್‌ನಲ್ಲಿ ಒಂದು ಬುಷ್ ತಿರುಗಿಸಿ ಕ್ಯಾಮೆರಾ ತೋಳು ಕೂರಿಸಿದೆ. ಕೆಳಗೆ ಪ್ಲೈವುಡ್ ಎರಡು ಹಲಗೆ, ನಡುವೆ ಬಿಜಾಗರಿ. ಪುಸ್ತಕ 100 ಡಿಗ್ರಿಯಷ್ಟು ಮಾತ್ರ ತೆರೆದುಕೊಂಡು ಒರಗಿ ಕೂರುತ್ತದೆ. ಪುಟ ಮಗುಚದಂತೆ ಹಿಡಿಯಲು ಉದ್ದ ಬಟ್ಟೆ ಚೀಲದಲ್ಲಿ ಹಳೆ ಬೇರಿಂಗಿನ ಗುಂಡು ತುಂಬಿ ಹೊಲಿಸಿದೆ. ಎರಡು ಬದಿಯಿಂದ 45 ಡಿಗ್ರಿಯಲ್ಲಿ ಎಲ್‌ಇಡಿ.

ಕ್ಯಾಮೆರಾ ಪುಟಕ್ಕೆ ಸರಿಯಾಗಿ ನೇರ ಉಂಟಾ ಎಂದು ನೋಡಲು ಸ್ಪಿರಿಟ್ ಲೆವೆಲ್ ಬೇಡ. ಪುಟದ ಜಾಗದಲ್ಲಿ ಕೈಗನ್ನಡಿ ಇಟ್ಟು ಸ್ಕ್ರೀನಿನಲ್ಲಿ ನೋಡಿ. ಲೆನ್ಸ್ ತನ್ನ ಮುಖವನ್ನು ತಾನೇ ಚಿತ್ರದ ನಟ್ಟ ನಡುವೆ ಕಂಡರೆ ನೇರ ಇದೆ ಎಂದು ಅರ್ಥ.

ಕಾಪಿ ಹಾಳೆಯ ಹಿಂದೆ ಪ್ರತಿ ಸಲ ಬಿಳಿ ಕಾರ್ಡ್ ಹಾಕಬೇಕು. ಇಲ್ಲದಿದ್ದರೆ ಮುಂದಿನ ಪುಟಗಳ ಅಕ್ಷರವೂ ಸೇರಿ ಗೋಜಲು. ಈ ಕಾರ್ಡ್ ತೂರಿಸುವ ಕೆಲಸ ಕಾಲೇಜಿನ ಇಬ್ಬರು ಹುಡುಗಿಯರು ಮಾಡುತ್ತಾರೆ. ಅವರ ಬೆರಳಿನ ನಾಜೂಕು ನನ್ನ ಬೆರಳಿಗಿಲ್ಲ. ಪ್ರತಿ ಪುಟದ ಜೊತೆ ಸ್ಕೇಲು, ಬಣ್ಣದ ಕಾರ್ಡು ಇರಲೇಬೇಕು. ಫೈಲ್ ಟಿಫ್ (ಚಿತ್ರದ ಗುಣ ಕೆಡದ ಫೈಲ್) ರೂಪದಲ್ಲಿ, ಮೂರು ಪ್ರತಿ, ಒಂದು ಬೇರೆ ಊರಿನಲ್ಲಿ.

ಪಟ್ಟಿಯ ಪತ್ರ ಕಂಡುಹಿಡಿದದ್ದೂ ಅವರೇ. ಫೌಂಡ್ರಿಗೆ ಬರೆದ ಪತ್ರ, ಹೊಸ ಹೆಸರಿನ ಪಟ್ಟಿಗಳು ಬೇಕು, ಅಳತೆ ಹೀಗೆ, ಸ್ಕ್ರೂ ತಲೆ ಮೇಲ್ಮೈಗೆ ಸಮ ಇರಬೇಕು, ಇಲ್ಲದಿದ್ದರೆ ಹಂಚಿನಲ್ಲಿ ಗುಂಡಿ ಬೀಳುತ್ತದೆ ಎಂದು. ವರ್ನಿಯರ್ ತಂದು ಅಚ್ಚಿನ ಚೌಕ ಅಳೆದೆ. ಪತ್ರದ ಇಂಚಿನ ಲೆಕ್ಕಕ್ಕೆ ಸರಿಯಾಗಿ ಕೂತಿತು. ಈಗ ನೋಡಿ, ಆ ಹೆಸರಿರುವ ನಮ್ಮ ಹಂಚು ಎಲ್ಲಿ ಸಿಕ್ಕಿದರೂ ಆ ಪತ್ರದ ತಾರೀಕಿನ ನಂತರದ್ದು ಎಂದು ಧೈರ್ಯವಾಗಿ ಹೇಳಬಹುದು. ಹಳೆ ಹೆಸರಿನ ಹಂಚು ಬಹುಪಾಲು ಅದಕ್ಕಿಂತ ಮುಂಚಿನದು.

ರಿಜಿಸ್ಟರ್ ಬರೆಯುವ ಕ್ರಮವನ್ನು ಇದಾದ ಮೇಲೆ ಬದಲಿಸಿದೆವು. ಮೊದಲು ಕಾಗದಕ್ಕೆ ಒಂದು ಪುಸ್ತಕ, ವಸ್ತುಗಳಿಗೆ ಇನ್ನೊಂದು ಎಂದು ಇತ್ತು. ಈಗ ಒಂದೇ. ಅಚ್ಚಿನ ಸಾಲಿನಲ್ಲೇ ಪತ್ರದ ಪುಟ, ನಕ್ಷೆಯ ನಂಬರು, ಮೇಸ್ತ್ರಿಯವರು ಹೇಳಿದ ಮಾತಿನ ರೆಕಾರ್ಡಿಂಗ್ ನಂಬರು. ಅಚ್ಚಿನ ಮೇಲೆ ನಂಬರ್ ಕೊರೆದಿಲ್ಲ, ಹತ್ತಿಯ ದಾರದಲ್ಲಿ ಚೀಟಿ ಕಟ್ಟಿದ್ದೇವೆ.

ನಕ್ಷೆಗಳು

ಗೂಡು, ಚಿಮಣಿ, ಪ್ರೆಸ್ಸಿನ ನೀಲಿ ನಕ್ಷೆಗಳು ಕೊಳವೆಯಾಗಿ ಸುತ್ತಿದ್ದವು. ತೂಕ ಇಟ್ಟು ನಿಧಾನಕ್ಕೆ ಬಿಡಿಸುತ್ತಿದ್ದೇವೆ, ಹೇಳಿಕೊಳ್ಳುವಂಥದ್ದೇನಿಲ್ಲ. ಒಂದು ಎಚ್ಚರ ಮಾತ್ರ. ಹಳೆ ಕಾಗದಕ್ಕೆ ಒಳ್ಳೆಯದು ಎಂದು ಸುಣ್ಣದ ಅಂಶ ಸೇರಿಸಿದ ಫೋಲ್ಡರ್ ಮಾರುತ್ತಾರಲ್ಲ, ನೀಲಿ ನಕ್ಷೆಯನ್ನು ಅದರಲ್ಲಿ ಇಡಬಾರದು. ಕ್ಷಾರ ತಾಗಿದರೆ ನೀಲಿ ಮಾಸುತ್ತದೆ. ಸುಣ್ಣ ಸೇರಿಸದ, ಆಸಿಡ್ ಇಲ್ಲದ ಫೋಲ್ಡರ್ ಕೇಳಿ ತನ್ನಿ.

ಬಾಕಿ

ಗಾಜಿನ ನೆಗೆಟಿವ್‌ಗಳ ಪೆಟ್ಟಿಗೆ ಇನ್ನೂ ತೆರೆದಿಲ್ಲ. ಮಳೆ ನಿಂತ ಮೇಲೆಯೇ ತೆರೆಯುವುದು, ತೇವಕ್ಕೆ ಜೆಲಾಟಿನ್ ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಂಡಿರುವ ಭಯ ಇದೆ. ಹಂಚು ಒತ್ತುವ ಪ್ರೆಸ್ಸಿನ ಸ್ಕ್ರೂ ಜಾಮ್ ಆಗಿದೆ. ಅದಕ್ಕೆ ಎಣ್ಣೆ ಬಿಟ್ಟು ಕಾಯುತ್ತಿದ್ದೇನೆ, ಗ್ಯಾಸ್ ಕಟ್ಟರ್‌ನಲ್ಲಿ ಬಿಸಿ ಮಾಡಲು ಮನಸ್ಸಿಲ್ಲ.

ಇನ್ನೊಂದು ಕೋರಿಕೆ. ಹಳೆ ಮನೆಯ ಮಾಡು ಬಿಚ್ಚುವವರು ಹಂಚನ್ನು ಲಾರಿಗೆ ಹಾಕುವ ಮುಂಚೆ ಹೆಸರಿರುವ ಬದಿಯ ಒಂದು ಫೋಟೋ ತೆಗೆಯಿರಿ. ಪಕ್ಕದಲ್ಲಿ ಸ್ಕೇಲ್ ಇಡಿ. ಬೆಳಿಗ್ಗೆ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ತೆಗೆದರೆ ಸವೆದ ಅಕ್ಷರವೂ ಕಾಣುತ್ತದೆ. ಮನೆ ಯಾವ ಊರಿನಲ್ಲಿ, ಕಟ್ಟಿದ್ದು ಯಾವ ವರ್ಷ ಎಂದು ಗೊತ್ತಿದ್ದರೆ ಅದನ್ನೂ ಬರೆದಿಡಿ. ಹೆಸರಿನ ಸುತ್ತ ಉದ್ದದ ಚೌಕ, ಮೂಲೆಯಲ್ಲಿ ನಾಲ್ಕು ಚುಕ್ಕೆ ಕಂಡರೆ ಆ ಹಂಚನ್ನು ಮಾತ್ರ ಲಾರಿಗೆ ಹಾಕಬೇಡಿ.